ಕಂಪ್ಯೂಟರ್ ಮೂಕಾದದ್ದು ಯಾಕೆ?

ಗೆಳೆಯರೇ, ನಮ್ಮ ಶಾಲೆಯ ಕಂಪ್ಯೂಟರಿಗೆ ಪೇಟೆಯಲ್ಲಿ ವಿಂಡೋಸ್ 10 ಹೊಸದಾಗಿ ಹಾಕಿಸಿ ತಂದ ಮೇಲೆ ದನಿಯೇ ನಿಂತುಹೋಗಿತ್ತಲ್ಲ? ಪದ್ಯ ಕೇಳೋಣ ಅಂತ ಕೂತವರು ಬರೀ ಚಿತ್ರ ನೋಡಿ ಎದ್ದೆವು. ಅಂಗಡಿಯವರು 'ಬೋರ್ಡೇ ಬದಲಿಸಬೇಕು' ಅಂದರು. ಅಷ್ಟು ದುಡ್ಡು ಎಲ್ಲಿಂದ ತರೋದು? ಆದರೆ ಕೆಟ್ಟಿದ್ದು ಬೋರ್ಡಲ್ಲ.

ದನಿ ಹೊರಡಿಸುವ ಚಿಪ್ ಮದರ್‌ಬೋರ್ಡಿನಲ್ಲೇ ಇರುತ್ತದೆ. ಅದರ ಭಾಷೆ ವಿಂಡೋಸಿಗೆ ತಿಳಿಯದು. ಇಬ್ಬರ ನಡುವೆ ದುಭಾಷಿಯ ಹಾಗೆ ಕೆಲಸ ಮಾಡುವ ಸಣ್ಣ ಪ್ರೋಗ್ರಾಮೇ ಡ್ರೈವರ್ (ಬಸ್ಸಿನ ಡ್ರೈವರ್ ಅಲ್ಲ!). ಡಿಸ್ಕ್ ಫಾರ್ಮ್ಯಾಟ್ ಮಾಡಿದಾಗ ಅದೂ ಅಳಿಸಿಹೋಗುತ್ತದೆ. ಎಷ್ಟೋ ಸಲ ವಿಂಡೋಸ್ ತಾನೇ ಒಂದನ್ನು ಹಾಕಿಕೊಳ್ಳುತ್ತದೆ, ನಮ್ಮದು ಹಾಕಿಕೊಂಡಿರಲಿಲ್ಲ.

ಮೊದಲು ಸ್ಪೀಕರ್ ವೈರು ಹಿಂದಿನ ಹಸಿರು ತೂತಿನಲ್ಲಿದೆಯಾ ನೋಡಿ. ಗುಲಾಬಿ ಬಣ್ಣದ್ದು ಮೈಕಿಗೆ. ಆಮೇಲೆ ಸ್ಟಾರ್ಟ್ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ ಹಳದಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ಡ್ರೈವರ್ ಇಲ್ಲ, ಅಥವಾ ಸರಿಯಿಲ್ಲ. ಅದರ ಮೇಲೆ ಬಲಗುಂಡಿ ಒತ್ತಿದರೆ 'ಅಪ್‌ಡೇಟ್ ಡ್ರೈವರ್' ಬರುತ್ತದೆ. ನೆಟ್ ಇಲ್ಲದ ಕಡೆ ಇದರಿಂದ ಆಗೋದು ಕಡಿಮೆ. ಅದಕ್ಕೇ ಸರ್ ಕರೆಂಟ್ ವೈರು ಕಿತ್ತು, ಡಬ್ಬ ಬಿಚ್ಚಿ, ಬೋರ್ಡಿನ ಮೇಲೆ ಅಚ್ಚಾಗಿದ್ದ ಮಾಡೆಲ್ ನಂಬರ್ ಬರೆದುಕೊಂಡರು. ಆ ಬೋರ್ಡಿನ ಕಂಪನಿಯ ವೆಬ್‌ಸೈಟಿನಿಂದಲೇ ಡ್ರೈವರನ್ನು ಮೊಬೈಲಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿದರು. ಕಂಡಕಂಡಲ್ಲಿ 'ಫ್ರೀ ಡ್ರೈವರ್' ಅಂತ ಸಿಗೋದನ್ನು ಮುಟ್ಟಬೇಡಿ, ಜೊತೆಗೆ ವೈರಸ್ಸೂ ಬಂದೀತು. ಇನ್ನೊಂದು ಮಾತು, ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ದನಿ ಕೆಟ್ಟರೆ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ, ಹಳೆಯದೇ ವಾಪಸ್ ಬರುತ್ತೆ.

ಸೆಟಪ್ ಓಡಿಸಿ, ರೀಸ್ಟಾರ್ಟ್ ಮಾಡಿ, ದನಿ ಹೆಚ್ಚಿಸಿದಾಗ ಸ್ಪೀಕರ್ 'ಟಿಂಗ್' ಅಂತು. ಪಕ್ಕದ ತರಗತಿಯವರೂ ಓಡಿ ಬಂದರು.