ನಿದ್ದೆಯಲ್ಲಿ ಹಲ್ಲು ಕಿತ್ತರೆ ನೋವು ಎಲ್ಲಿ ಹೋಗುತ್ತದೆ?

ಮಕ್ಕಳೇ, ಹುಳುಕು ಹಲ್ಲಿನ ನೋವು ಅನುಭವಿಸಿದವರಿಗೇ ಗೊತ್ತು! ಕೀಳಬೇಕಾದ ಹಲ್ಲು ಒಂದೋ ಎರಡೋ ಇದ್ದರೆ ದಂತವೈದ್ಯರು ವಸಡಿಗೆ ಚುಚ್ಚುಮದ್ದು ಕೊಟ್ಟು ಕೀಳುತ್ತಾರೆ. ಆಗ ನಾವು ಎಚ್ಚರವಾಗಿಯೇ ಇರುತ್ತೇವೆ. ಮಗು ತೀರ ಚಿಕ್ಕದಾಗಿದ್ದರೆ ಅಥವಾ ಹಲವು ಹಲ್ಲುಗಳನ್ನು ಒಟ್ಟಿಗೆ ಕೀಳಬೇಕಾದರೆ, ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಕೊಡುವುದುಂಟು. ಮಗು ಗಾಢ ನಿದ್ದೆಗೆ ಜಾರಿದಂತೆ ಪ್ರಜ್ಞೆ ಕಳೆದುಕೊಳ್ಳುತ್ತದೆ.

ಈ ವಿಧಾನಕ್ಕೆ ದೊಡ್ಡ ಇತಿಹಾಸವಿದೆ. 1844ರ ಡಿಸೆಂಬರ್ 11ರಂದು ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಉಸಿರಾಡಿ, ತಮ್ಮದೇ ಒಂದು ಹಲ್ಲನ್ನು ಕೀಳಿಸಿಕೊಂಡರು. ಅವರಿಗೆ ನೋವು ತಿಳಿಯಲಿಲ್ಲ.

ಹಾಗಾದರೆ ನೋವು ಎಲ್ಲಿ ಹೋಯಿತು? ಗಾಯದ ಸುದ್ದಿಯನ್ನು ನರಗಳು ಮಿದುಳಿಗೆ ಒಯ್ಯುತ್ತವೆ. ಅರಿವಳಿಕೆ ಇರುವಾಗ ಮಿದುಳಿಗೆ ಅದರ ಅರಿವಾಗುವುದಿಲ್ಲ. ಆದರೆ ಗಾಯ ಮಾತ್ರ ಅಲ್ಲೇ ಇರುತ್ತದೆ. ಎಚ್ಚರವಾದಾಗ ನೋವು ಶುರುವಾಗಬಹುದು. ಆದ್ದರಿಂದ ವೈದ್ಯರು ಮಗು ಏಳುವ ಮೊದಲೇ ನೋವಿಗೆ ಔಷಧ ಕೊಟ್ಟಿರುತ್ತಾರೆ.

ಗಾಯವಾದ ಜಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ಊತ ಮತ್ತು ನೋವನ್ನು ಹೆಚ್ಚಿಸುತ್ತವೆ. ಐಬುಪ್ರೊಫೆನ್ ಅವು ತಯಾರಾಗುವುದನ್ನು ತಗ್ಗಿಸುತ್ತದೆ. ಪ್ಯಾರಸಿಟಮಾಲ್ ಕೂಡ ನೋವು ಕಡಿಮೆ ಮಾಡುತ್ತದೆ. ಎಷ್ಟು ಕೊಡಬೇಕೆಂಬುದನ್ನು ಮಗುವಿನ ತೂಕ ನೋಡಿ ನಿರ್ಧರಿಸುತ್ತಾರೆ. ಆದ್ದರಿಂದ ದೊಡ್ಡವರ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು. ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ಉಬ್ಬಸವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೆಲವೊಮ್ಮೆ ಮಗು ನಿದ್ದೆಯಲ್ಲಿರುವಾಗಲೇ ವಸಡಿಗೂ ಚುಚ್ಚುಮದ್ದು ಕೊಡುತ್ತಾರೆ. ಆಗ ಆ ಭಾಗದ ನರಗಳು ಸುದ್ದಿ ಒಯ್ಯುವುದನ್ನು ಕೆಲಕಾಲ ನಿಲ್ಲಿಸುತ್ತವೆ. ತುಟಿ, ಕೆನ್ನೆ ಮರಗಟ್ಟುತ್ತವೆ. ಮಗು ತನಗೇ ತಿಳಿಯದಂತೆ ತುಟಿಯನ್ನು ಕಚ್ಚಿಕೊಳ್ಳಬಹುದು! ಮರಗಟ್ಟಿದ್ದು ಬಿಡುವವರೆಗೆ ಹತ್ತಿರ ಕುಳಿತು ನೋಡಿಕೊಳ್ಳಬೇಕು.

ನೋವನ್ನು ಅಳೆಯುವುದು ಹೇಗೆ? ಅದಕ್ಕೆ ಥರ್ಮಾಮೀಟರ್ ಇಲ್ಲ. ಎಚ್ಚರವಾದ ಮಗು ಭಯದಿಂದಲೂ ಹಸಿವಿನಿಂದಲೂ ಅಳಬಹುದು. ನೋವಿದ್ದರೂ ಸುಮ್ಮನೆ ಮಲಗಿರಬಹುದು. ಆದ್ದರಿಂದ ಆಸ್ಪತ್ರೆಗಳಲ್ಲಿ ಸಾಲಾಗಿ ಮುಖಗಳಿರುವ ಚಿತ್ರವನ್ನು ಬಳಸುತ್ತಾರೆ. ಮೊದಲ ಮುಖ ನೆಮ್ಮದಿಯದು, ಕೊನೆಯದು ತುಂಬಾ ನೋವಿನದು. ಮಗು ತನ್ನ ನೋವಿಗೆ ಹೊಂದುವ ಮುಖವನ್ನು ಬೆರಳಿಟ್ಟು ತೋರಿಸಿದರೆ ಸಾಕು.

ನೋವನ್ನು ಸಹಿಸಿಕೊಂಡು ಸುಮ್ಮನಿರುವುದು ಜಾಣತನವಲ್ಲ. ಹೇಳಿದರೆ ತಾನೇ ಔಷಧ ಸಿಗುವುದು? ನಿಮ್ಮ ತಮ್ಮನೋ ತಂಗಿಯೋ ಹಲ್ಲು ಕೀಳಿಸಿಕೊಂಡು ಮನೆಗೆ ಬಂದಾಗ, ಕಾಗದದಲ್ಲಿ ಇಂಥ ಮುಖಗಳನ್ನು ಬರೆದು ಕೇಳಿ: "ಈಗ ನಿನ್ನದು ಯಾವ ಮುಖ?"