ಅಳಿಸಿದರೂ ಅಳಿಯದ ಸಾಲುಗಳು

ಹಿಂದೆ ನಮ್ಮ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತ ಕಪ್ಪು ಲೇಪದ ಬಟ್ಟೆಯದು. ಬಳಪದಲ್ಲಿ ಬರೆದದ್ದನ್ನು ಒರೆಸಿ ಅಲ್ಲೇ ಮತ್ತೆ ಬರೆಯಬಹುದಿತ್ತು. ಡೇಟಾಬೇಸಿನ ತಾತ್ಕಾಲಿಕ ಟೇಬಲ್ಲೂ ಹೀಗೇ ಎಂದು ನಂಬಿದವರು ಪೋಸ್ಟ್‌ಗ್ರೆಸ್‌ನಲ್ಲಿ ಬೇಸ್ತು ಬೀಳುತ್ತಾರೆ. ಅಲ್ಲಿ ಡಿಲೀಟ್ ಎಂದಾಗ ಪ್ರತಿ ಸಾಲಿನ ತಲೆಯಲ್ಲೂ ಅದನ್ನು ಹೊಡೆದುಹಾಕಿದ ಟ್ರಾನ್ಸಾಕ್ಷನ್ನಿನ ಸಂಖ್ಯೆ ಬೀಳುತ್ತದೆ, ಅಷ್ಟೇ. ಸಾಲು ಕೂತಲ್ಲೇ ಕೂತಿರುತ್ತದೆ. ತಲಾ 100 ಬೈಟಿನ 10 ಲಕ್ಷ ಸಾಲುಗಳೆಂದರೆ ಸುಮಾರು 100 ಎಂಬಿ. ಅಷ್ಟರ ಒಂದೊಂದು 8 ಕೆಬಿ ಪುಟವನ್ನೂ ತೆರೆದು ಗುರುತು ಹಾಕಬೇಕು. ಆಮೇಲೆ ಹೊಸ 10 ಲಕ್ಷ ಸಾಲು ತುಂಬಿದರೆ ಫೈಲು 200 ಎಂಬಿಯ ಹತ್ತಿರ ಹೋಗುತ್ತದೆ. ಕಸ ಗುಡಿಸುವ ಆಟೋವ್ಯಾಕ್ಯೂಮ್ ತಾತ್ಕಾಲಿಕ ಟೇಬಲ್ಲನ್ನು ಮುಟ್ಟುವುದೂ ಇಲ್ಲ.

ಇದನ್ನು ದೋಷವೆನ್ನುವ ಮೊದಲು ಹುಟ್ಟು ನೋಡಬೇಕು. 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ತಂಡ ಪೋಸ್ಟ್‌ಗ್ರೆಸ್ ಕಟ್ಟಲು ಹೊರಟಾಗ ಹಳೆಯದರ ಮೇಲೆ ಬರೆಯಲೇಬಾರದೆಂದು ತೀರ್ಮಾನಿಸಿತು. ಹಳೆಯ ಸಾಲು ಉಳಿದರೆ ನಿನ್ನೆಯ ಟೇಬಲ್ ಹೇಗಿತ್ತೆಂದು ಇವತ್ತು ಕೇಳಬಹುದು ಎಂಬುದು ಆಸೆ. ಆ ಸೌಲಭ್ಯವನ್ನು 1997ರ 6.2 ಆವೃತ್ತಿ ಕೈಬಿಟ್ಟಿತು. ಆದರೆ ಹಳೆಯ ಸಾಲುಗಳಿಗೆ 1999ರ 6.5ರಲ್ಲಿ ಬೇರೆ ಕೆಲಸ ಸಿಕ್ಕಿತು: ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಕಾಯದೆ ಓದಲು ಅವೇ ಆಧಾರವಾದವು. ಹತ್ತಾರು ಮಂದಿ ಓದುವ ಟೇಬಲ್ಲಿಗೆ ಇದು ವರ. ತಾತ್ಕಾಲಿಕ ಟೇಬಲ್ಲಿಗೆ ಓದುಗ ಒಬ್ಬನೇ. ಇನ್ಯಾರಿಗಾಗಿಯೋ ಹೇಳಿದ ಬೆಲೆಯನ್ನು ಅದು ಸುಮ್ಮನೆ ತೆರುತ್ತದೆ.

ಹಾಗಾಗಿ ಇಡೀ ಟೇಬಲ್ ಖಾಲಿ ಮಾಡಬೇಕಾದಲ್ಲಿ ಡಿಲೀಟ್‌ಗಿಂತ ಟ್ರಂಕೇಟ್ ಆಜ್ಞೆ ವಾಸಿ ಎಂಬುದು ನನ್ನ ವಾದ. ಅದು ಸಾಲುಗಳ ಗೊಡವೆಗೇ ಹೋಗದೆ ಹೊಸ ಖಾಲಿ ಫೈಲು ಹಿಡಿಯುತ್ತದೆ. ಟ್ರಂಕೇಟ್ ಮಾಡಿದರೆ ಹಿಂದಕ್ಕೆ ಬರಲಾಗದು ಎಂಬ ಅಂಜಿಕೆ ಒರಾಕಲ್‌ಗೆ ಸರಿ, ಅಲ್ಲಿ ಅದು ತಾನೇ ಕಮಿಟ್ ಮಾಡುತ್ತದೆ. ಪೋಸ್ಟ್‌ಗ್ರೆಸ್ ಕಮಿಟ್ ಆಗುವವರೆಗೆ ಹಳೆಯ ಫೈಲನ್ನು ಇಟ್ಟುಕೊಂಡಿರುವುದರಿಂದ ರೋಲ್‌ಬ್ಯಾಕ್ ನಡೆಯುತ್ತದೆ. ಇಡೀ ಟೇಬಲ್ಲಿಗೇ ಬೀಗ ಬೀಳುತ್ತದೆ ಎಂಬ ತಕರಾರು ಹಂಚಿಕೊಂಡ ಟೇಬಲ್ಲುಗಳದು. ಇಲ್ಲಿ ಬಾಗಿಲ ಹೊರಗೆ ನಿಂತವರೇ ಇಲ್ಲ. ಒಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಬೇಕು. ಹತ್ತಿಪ್ಪತ್ತು ಸಾಲಿನ ಟೇಬಲ್ಲಿಗೆ ಟ್ರಂಕೇಟೇ ನಿಧಾನ, ಏಕೆಂದರೆ ಟೇಬಲ್ಲಿಗೊಂದು, ಅದರ ಪ್ರತಿ ಇಂಡೆಕ್ಸಿಗೊಂದು ಫೈಲು ಹುಟ್ಟಿಸಿ ಹಳೆಯದನ್ನು ಅಳಿಸುವ ಖರ್ಚು ಸಾಲು ಎಷ್ಟೇ ಕಡಿಮೆಯಿದ್ದರೂ ತಪ್ಪದು. ಪ್ರತಿ ಸಲ ಟೇಬಲ್ಲನ್ನೇ ಕಿತ್ತು ಹೊಸದು ಕಟ್ಟುವವರೂ ಇದ್ದಾರೆ; ಅವರ ಕಸ ಸಿಸ್ಟಂ ಕ್ಯಾಟಲಾಗಿನಲ್ಲಿ ಸೇರುತ್ತದೆ. ತಾತ್ಕಾಲಿಕ ಟೇಬಲ್ ಸೃಷ್ಟಿಸುವಾಗಲೇ ‘ಆನ್ ಕಮಿಟ್ ಡಿಲೀಟ್ ರೋಸ್’ ಎಂದು ಬರೆಯುವ ಸೌಲಭ್ಯವೂ ಉಂಟು. ಹೆಸರಿನಲ್ಲಿ ಡಿಲೀಟ್ ಇದ್ದರೂ ಪ್ರತಿ ಕಮಿಟ್‌ಗೆ ಒಳಗೆ ನಡೆಯುವುದು ಟ್ರಂಕೇಟೇ.