ಬಂದದ್ದು ಆಯಿಯೋ, ಆಕಳೋ?

ಪ್ರಶ್ನೆ: ಬಿಡಿ ವಾಕ್ಯ ತಿಳಿದ ಕಂಪ್ಯೂಟರು ಇಡೀ ಮಾತಿನಲ್ಲಿ ಎಡವುವುದೇಕೆ?

ಉತ್ತರ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಮಾತನ್ನೇ ನೋಡಿ. ‘ಆಯಿ ಆಕಳ ಹತ್ರ ಹೋತು. ಆಮೇಲೆ ಅದು ಹೊರಗೆ ಬಂತು.’ ಬಂದದ್ದು ಯಾರು? ಪುಸ್ತಕದ ಕನ್ನಡದಲ್ಲಿ ಆಯಿ (ತಾಯಿ) ಬಂದಿದ್ದರೆ ‘ಬಂದಳು’, ಆಕಳಾದರೆ ‘ಬಂತು’. ಕ್ರಿಯಾಪದದ ಬಾಲವೇ ಗುಟ್ಟು ಬಿಟ್ಟುಕೊಡುತ್ತದೆ. ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ನಪುಂಸಕಲಿಂಗದ ರೂಪವೇ (ಅಗೌರವವೇನಲ್ಲ, ರೂಢಿ). ಆ ಸುಳಿವು ತಪ್ಪಿದಾಗ, ಮಾತು ಯಾರ ಸುತ್ತ ಸುತ್ತುತ್ತಿತ್ತೆಂದು ಯಂತ್ರ ಹಿಂದಿನ ವಾಕ್ಯದಲ್ಲಿ ಹುಡುಕಬೇಕು. ಸಂಶೋಧಕರಾದ ಬಾರ್ಬರಾ ಗ್ರಾಸ್, ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿ, ಸ್ಕಾಟ್ ವೈನ್‌ಸ್ಟೈನ್ 1995ರಲ್ಲಿ ಪ್ರಕಟಿಸಿದ, ಮಾತಿನ ಈ ಕೇಂದ್ರವನ್ನು ಗುರುತಿಸುವ ಸೆಂಟರಿಂಗ್ ಸಿದ್ಧಾಂತದ ಲೆಕ್ಕದಲ್ಲಿ ಸಾಮಾನ್ಯವಾಗಿ ಕರ್ತೃಪದಕ್ಕೇ ಮೊದಲ ಮಣೆ. ಅಂದರೆ ಆಯಿ. ಆದರೆ ನಡುವೆ ‘ಹಗ್ಗ ಹರಿದಿತ್ತು’ ಎಂದು ಸೇರಿಸಿ ನೋಡಿ, ಬಂದದ್ದು ಆಕಳೇ!